ಎಂಜಿನ್ ಆಯಿಲ್ ಬದಲಿಸುವ ಹೊತ್ತಾಯಿತಾ? ಲಕ್ಷಣ ನೋಡಿ ತಿಳಿಯುವ ಬಗೆ

10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಮ್ಮಲ್ಲಿ ಓಡುವ ಎಷ್ಟೋ ಪೆಟ್ರೋಲ್ ಕಾರುಗಳ ಮ್ಯಾನುವಲ್‌ನಲ್ಲಿ ಎಂಜಿನ್ ಆಯಿಲ್ ಬಗ್ಗೆ ಹೀಗೇ ಬರೆದಿರುತ್ತದೆ. ಕೆಲವದರಲ್ಲಿ 15,000 ಕಿ.ಮೀ. ಇರುತ್ತದೆ. ಅಷ್ಟಕ್ಕೇ ವಿಷಯ ಮುಗಿಯುವುದಿಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಪಟ್ಟಿ ಇರುತ್ತದೆ, ಕಠಿಣ ಬಳಕೆಯ ಕಾರುಗಳಿಗೆ. ಧೂಳು, ನಿಂತು ನಿಂತು ಸಾಗುವ ಟ್ರಾಫಿಕ್, ದಿನವೂ ಮೂರು ನಾಲ್ಕು ಕಿ.ಮೀ. ಓಡಾಟ, ಘಾಟಿ ಹತ್ತುವುದು, ಭಾರ ಎಳೆಯುವುದು ಎಲ್ಲ ಅದರಲ್ಲಿ ಬರುತ್ತದೆ. ಅಲ್ಲಿ ಆಯಿಲ್‌ನ ಅವಧಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿದಿರುತ್ತದೆ. ನಮ್ಮ ಊರುಗಳಲ್ಲಿ ಯಾರ ಕಾರು ಆ ಪಟ್ಟಿಗೆ ಸೇರುವುದಿಲ್ಲ ಹೇಳಿ?

ಹಾಗಾಗಿ ಕಿ.ಮೀ. ಲೆಕ್ಕವನ್ನೊಂದೇ ನಂಬಿ ಕೂರಬೇಡಿ. ಆಯಿಲ್ ಮಟ್ಟ, ವಾಸನೆ, ಹೊಗೆ, ಸದ್ದು ಇವನ್ನೂ ನೋಡುತ್ತಿರಿ. ಕೆಳಗಿನ ಲಕ್ಷಣಗಳಲ್ಲಿ ನಿಮ್ಮ ಕಾರಿನದು ಯಾವುದೋ ಅಲ್ಲಿಂದ ಓದಿ. ಪ್ರತಿ ಕಡೆ ಖರ್ಚಿಲ್ಲದ ಪರೀಕ್ಷೆ ಮೊದಲು, ದುಡ್ಡು ಬೀಳುವ ಕೆಲಸ ಆಮೇಲೆ.

ಒಂದೇ ಒಂದು ಸಂದರ್ಭ ಬೇರೆ. ಓಡಿಸುವಾಗ ಕೆಂಪು ಆಯಿಲ್ ದೀಪ ಹತ್ತಿತಾ? ಉಳಿದದ್ದು ಬಿಡಿ, ಮುಂದಿನ ಭಾಗ ನೋಡಿ.

ಕೆಂಪು ದೀಪ ಹತ್ತಿದೆ ಅಥವಾ ಮಿಣುಕುತ್ತಿದೆ

ಹಳೇ ಎಣ್ಣೆ ಡಬ್ಬಿಯಂತೆ, ಮೂತಿಯಿಂದ ಹನಿ ಬೀಳುತ್ತಿರುವ ಚಿತ್ರ ಅದು. ಅದು ಹೇಳುವುದು ಆಯಿಲ್ ಹಳತಾಗಿದೆ ಎಂದಲ್ಲ, ಎಂಜಿನ್ನಿನೊಳಗೆ ಆಯಿಲ್ ಒತ್ತಡ ಬಿದ್ದಿದೆ ಎಂದು. ಒತ್ತಡ ಇಲ್ಲದಿದ್ದರೆ ಬೇರಿಂಗ್‌ಗಳಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ಎಂಜಿನ್ ಹಾಳಾಗಲು ಕೆಲವೇ ನಿಮಿಷ ಸಾಕು.

ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ, ಕೂಡಲೇ ಎಂಜಿನ್ ಆಫ್ ಮಾಡಿ. 'ಇನ್ನೆರಡು ಕಿ.ಮೀ. ಅಷ್ಟೇ, ಗ್ಯಾರೇಜಿಗೇ ಹೋಗಿಬಿಡೋಣ' ಅನ್ನುವ ಯೋಚನೆ ಬೇಡ. ಹತ್ತು ನಿಮಿಷ ಬಿಟ್ಟು ಆಯಿಲ್ ಅಳೆಯುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಮಟ್ಟ ನೋಡಿ, ಕ್ರಮ ಮುಂದಿನ ಭಾಗದಲ್ಲಿದೆ. ಕಮ್ಮಿ ಇದ್ದರೆ ಸರಿಯಾದ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ. ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರಿದರೆ ಕಾರಿನ ಕೆಳಗೆ ದೊಡ್ಡ ಸೋರಿಕೆ ಇಲ್ಲವೆಂದು ನೋಡಿಕೊಂಡು ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಿ.

ಮಟ್ಟ ಸರಿಯಾಗಿದ್ದೂ ದೀಪ ಆರದಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಟೋಯಿಂಗ್ ಗಾಡಿ ಕರೆಸಿ. ಕೆಟ್ಟಿರುವುದು ಬರೀ ಆ ದೀಪ ಹತ್ತಿಸುವ ಪ್ರೆಶರ್ ಸ್ವಿಚ್ ಇರಬಹುದು, ಅದು ಅಗ್ಗದ ಭಾಗ. ಆದರೆ ಅದನ್ನು ಊಹೆಯ ಮೇಲೆ ಹೇಳುವಂತಿಲ್ಲ. ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿ ಅಳೆಯಲು ಮೆಕ್ಯಾನಿಕ್‌ಗೆ ಹೇಳಿ. ಅಳೆಯದೆ 'ಸೆನ್ಸರ್ ಹೋಗಿದೆ, ಓಡಿಸಿ ಸಾರ್' ಅಂದರೆ ಒಪ್ಪಬೇಡಿ.

ದೀಪ ಯಾವಾಗ ಮಿಣುಕುತ್ತದೆ ಅನ್ನುವುದರಲ್ಲೂ ಸುಳಿವಿದೆ. ಚಾರ್ಮಾಡಿ, ಶಿರಾಡಿಯಂಥ ಘಾಟಿಯ ತಿರುವುಗಳಲ್ಲಿ ಮಾತ್ರ ಮಿಣುಕಿದರೆ ಆಯಿಲ್ ಕಮ್ಮಿ ಇರುವ ಸಂಭವ ಹೆಚ್ಚು. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಮಿಣುಕಿ, ಆಕ್ಸಿಲರೇಟರ್ ಒತ್ತಿದರೆ ಆರಿದರೆ, ಆಯಿಲ್ ತೀರಾ ತೆಳುವಾಗಿದೆ ಅಥವಾ ಬೇರಿಂಗ್ ಸವೆದಿದೆ ಅಥವಾ ಪಂಪಿನ ಜರಡಿ ಕಟ್ಟಿಕೊಂಡಿದೆ. ರಸ್ತೆ ಹಂಪ್‌ಗೆ ಕಾರಿನ ಹೊಟ್ಟೆ ಬಡಿದ ಮೇಲೆ ಶುರುವಾಗಿದ್ದರೆ ಮೊದಲು ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಆಯಿಲ್ ಸಂಪ್ ನೋಡಿಸಿ. ಅದು ಒಳಕ್ಕೆ ನೆಗ್ಗಿದರೆ ಆಯಿಲ್ ಎಳೆಯುವ ಕೊಳವೆಯ ಬಾಯಿಯೇ ಮುಚ್ಚಿಕೊಳ್ಳಬಹುದು. ನಮ್ಮ ಹಂಪ್‌ಗಳ ಎತ್ತರ ಗೊತ್ತೇ ಇದೆಯಲ್ಲ!

ಸ್ಟಾರ್ಟ್ ಮಾಡುವ ಮುಂಚೆ, ಕೀ ತಿರುಗಿಸಿದಾಗ ಈ ದೀಪ ಹತ್ತುವುದು ಸಹಜ. ಆಗ ಹತ್ತದಿದ್ದರೇ ತೊಂದರೆ. ನಿಜವಾಗಿ ಬೇಕಾದಾಗಲೂ ಅದು ಹತ್ತುವುದಿಲ್ಲ.

ಹಳದಿ ಬಣ್ಣದ ಆಯಿಲ್ ದೀಪ ಬೇರೆ. ಅದು ಸಾಮಾನ್ಯವಾಗಿ ಮಟ್ಟ ಕಮ್ಮಿ ಎಂದು ಹೇಳುತ್ತದೆ. ಸ್ಪ್ಯಾನರ್ ಚಿತ್ರವಂತೂ ಹೆಚ್ಚಿನ ಕಾರುಗಳಲ್ಲಿ ಬರೀ ಕಿ.ಮೀ. ಮತ್ತು ದಿನ ಎಣಿಸುವ ಲೆಕ್ಕ ಅಷ್ಟೇ, ಅದಕ್ಕೆ ಗಾಬರಿ ಬೇಡ.

ಕಡ್ಡಿ ನೋಡುವ ಕ್ರಮ

ಮುಂದಿನ ಎಲ್ಲ ಪರೀಕ್ಷೆಗೂ ಇದು ಬುನಾದಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಓಡಿ ಬಂದ ಕಾರಾದರೆ ಆಫ್ ಮಾಡಿ ಐದರಿಂದ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಹಳೇ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಾಣುವ ಮಟ್ಟ ಲೆಕ್ಕಕ್ಕಿಲ್ಲ. ಎರಡು ಗುರುತುಗಳ ನಡುವೆ ಎಲ್ಲಿದ್ದರೂ ಸರಿ. ಎಷ್ಟೋ ಕಾರುಗಳಲ್ಲಿ ಆ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಅಂದರೆ ಕೆಳಗಿನ ಗುರುತಿನಲ್ಲಿದ್ದರೆ ನಿಮ್ಮ ಕಾರು ಒಂದು ಲೀಟರ್ ಕಮ್ಮಿಯಲ್ಲಿ ಓಡುತ್ತಿದೆ. ಸಣ್ಣ ಪೆಟ್ರೋಲ್ ಕಾರಿಗೆ ಒಟ್ಟು ಹಿಡಿಸುವುದೇ ಮೂರು, ಮೂರೂವರೆ ಲೀಟರ್.

ತಿಂಗಳಿಗೊಮ್ಮೆ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಮಟ್ಟ ಯಾವ ಕಡೆ ಸರಿಯುತ್ತಿದೆ ಎಂಬುದು ಹಿಂದಿನ ತಿಂಗಳ ಫೋಟೋ ಇದ್ದರೆ ಮಾತ್ರ ತಿಳಿಯುತ್ತದೆ. ಬಾನೆಟ್ ತೆರೆದಾಗ ಒಂದು ಎಚ್ಚರಿಕೆ: ಎಂಜಿನ್ ಆಫ್ ಇದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಕೈ, ದುಪಟ್ಟಾ, ಪಂಚೆಯ ತುದಿ ದೂರವಿರಲಿ.

ಆಯಿಲ್ ಕಪ್ಪಾಗಿದೆ

ಜನ ಅತಿ ಹೆಚ್ಚು ಹೆದರುವುದು ಇದಕ್ಕೆ. ಲಕ್ಷಣಗಳಲ್ಲೆಲ್ಲ ಅತಿ ಕಮ್ಮಿ ನಂಬಬೇಕಾದದ್ದೂ ಇದೇ.

ಎಂಜಿನ್ನಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ. ಡೀಸೆಲ್ ಕಾರಿಗೆ ಹೊಸ ಆಯಿಲ್ ಹಾಕಿ ಒಂದು ಸುತ್ತು ಹೋಗಿ ಬಂದರೆ ಸಾಕು, ಕಪ್ಪಾಗಿರುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ಸಿಎನ್‌ಜಿ ಕಾರಿನಲ್ಲಿ ಇದರ ಉಲ್ಟಾ. ಮಸಿ ಕಮ್ಮಿ, ಹಾಗಾಗಿ ಅವಧಿ ಮುಗಿದರೂ ಆಯಿಲ್ ಜೇನಿನ ಬಣ್ಣದಲ್ಲೇ ಇರಬಹುದು. ಅದನ್ನು ನೋಡಿ 'ಇನ್ನೂ ಚೆನ್ನಾಗಿದೆ' ಅಂದುಕೊಂಡರೆ ಕೆಟ್ಟಿರಿ. ಬಿಸಿಗೆ ಆಯಿಲ್ ಒಳಗೊಳಗೇ ಹಳಸಿರುತ್ತದೆ, ಅದಕ್ಕೆ ಬೆರೆಸಿದ ರಾಸಾಯನಿಕಗಳು ಖರ್ಚಾಗಿರುತ್ತವೆ. ಬಣ್ಣಕ್ಕೆ ಅದು ಕಾಣುವುದಿಲ್ಲ.

ಬಣ್ಣ ಬಿಟ್ಟು ಬೆರಳಿಗೆ ಹಚ್ಚಿ ನೋಡಿ. ಜಾರುವಂತಿದ್ದರೆ ಸರಿ. ಮರಳಿನಂತೆ ಹತ್ತಿದರೆ, ಟಾರಿನಂತೆ ಅಂಟಿದರೆ, ಹೊಳೆಯುವ ಲೋಹದ ಚೂರು ಕಂಡರೆ ಗ್ಯಾರೇಜಿಗೆ ಹೋಗಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಕೆಲವು ಗಂಟೆ ಕಳೆದು ನೋಡುವ ಪರೀಕ್ಷೆಯೂ ಇದೆ. ಹನಿ ಹರಡಿ ಒಂದೇ ಸಮ ಬೂದಾಗಿದ್ದರೆ ಆಯಿಲ್ ಇನ್ನೂ ಮಸಿಯನ್ನು ಹಿಡಿದಿಟ್ಟುಕೊಂಡಿದೆ. ನಡುವೆ ಗಟ್ಟಿ ಕಪ್ಪು ಚುಕ್ಕೆ ಉಳಿದು ಸುತ್ತ ಬರೀ ಎಣ್ಣೆಯ ವರ್ತುಲ ಕಂಡರೆ ಅದರ ಕೆಲಸ ಮುಗಿದಂತೆ. ಇದು ಅಂದಾಜು ಮಾತ್ರ, ಲ್ಯಾಬ್ ವರದಿಯಲ್ಲ.

ಕಿ.ಮೀ. ಆಗಿಲ್ಲ, ಆದರೂ ಎಂಜಿನ್ ಭಾರ ಅನ್ನಿಸುತ್ತಿದೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಹಾಸನ, ಮಂಗಳೂರು ಅಂತ ಹೈವೇಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ಓಡುವ ಕಾರು 10,000 ಕಿ.ಮೀ. ಮುಗಿಸಲು ಎಂಜಿನ್ ತಿರುಗುವುದು 200 ಗಂಟೆ. ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸರಾಸರಿ 15 ಕಿ.ಮೀ. ವೇಗದ ಕಾರಿಗೆ ಅದೇ 10,000 ಕಿ.ಮೀ.ಗೆ 660 ಗಂಟೆಗೂ ಜಾಸ್ತಿ. ಓಡೋಮೀಟರ್‌ನಲ್ಲಿ ಎರಡೂ ಒಂದೇ. ಆಯಿಲ್ ಪಾಲಿಗೆ ಎರಡನೆಯದು ಮೂರು ಪಟ್ಟಿಗಿಂತ ಹೆಚ್ಚು ದುಡಿದಿದೆ, ಅದೂ ಗಾಳಿಯಾಡದ ಬಿಸಿಯಲ್ಲಿ.

ನಿಮ್ಮ ಕಾರಿನ ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ತೋರಿಸುವ ಪುಟ ಇದ್ದರೆ ನೋಡಿ. ಅದು 20ರ ಆಸುಪಾಸಿನಲ್ಲಿದ್ದರೆ 10,000ಕ್ಕೆ ಕಾಯದೆ 5,000ದಿಂದ 7,000 ಕಿ.ಮೀ. ನಡುವೆ ಬದಲಿಸಿ ಎಂಬುದು ನನ್ನ ಅಭಿಪ್ರಾಯ. ಟರ್ಬೊ ಪೆಟ್ರೋಲ್ ಆದರೆ 5,000ದ ಕಡೆಗೇ ಇರಲಿ. ಇನ್ನೊಂದು ಬದಿಯ ಅತಿಯೂ ಬೇಡ. ಹೈವೇಯಲ್ಲೇ ಓಡುವ ಕಾರಿಗೆ 3,000ಕ್ಕೊಮ್ಮೆ ಸಿಂಥೆಟಿಕ್ ಆಯಿಲ್ ಬದಲಿಸುವುದು ಸುಮ್ನೆ ದುಡ್ಡು ಚೆಲ್ಲಿದಂತೆ.

ತೀರಾ ಕಮ್ಮಿ ಓಡುವ ಕಾರಿಗೆ ವರ್ಷದ ಲೆಕ್ಕವೇ ಮುಖ್ಯ. ಮಗ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದ ಕಾರನ್ನು ಅಪ್ಪ ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ, ಅಲ್ವಾ? ಅದು ಆಯಿಲ್‌ಗೆ ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿದಾಗ ಹುಟ್ಟುವ ನೀರಿನ ಅಂಶ, ಉರಿಯದ ಪೆಟ್ರೋಲ್ ಎರಡೂ ಆಯಿಲ್‌ಗೆ ಇಳಿದು ಅಲ್ಲೇ ಉಳಿಯುತ್ತವೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ತರುವುದು ವಾಸಿ.

ಎಂಜಿನ್ ಭಾರ ಅನ್ನಿಸಿದ ಮಾತ್ರಕ್ಕೆ ಆಯಿಲ್ಲೇ ಕಾರಣ ಅನ್ನಬೇಡಿ. ಮೊದಲು ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ, ಟೈರ್ ಗಾಳಿ ನೋಡಿ. ಬಳ್ಳಾರಿಯ ಗಣಿ ರಸ್ತೆ, ಕಲಬುರಗಿಯ ಬೇಸಿಗೆಯ ಧೂಳಿಗೆ ಏರ್ ಫಿಲ್ಟರ್ ಕಂಪನಿ ಹೇಳಿದ ಅವಧಿಗಿಂತ ಎಷ್ಟೋ ಮುಂಚೆ ಕಟ್ಟಿಕೊಳ್ಳುತ್ತದೆ.

ಮಟ್ಟ ಇಳಿಯುತ್ತಿದೆ

ಆಯಿಲ್ ಹೋಗಲು ದಾರಿ ಎರಡೇ: ಹೊರಗೆ ಸೋರಬೇಕು, ಇಲ್ಲವೇ ಒಳಗೆ ಉರಿಯಬೇಕು.

ಮೊದಲು ಸೋರಿಕೆ. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ಕಂದು ಅಥವಾ ಕಪ್ಪು ಜಿಡ್ಡಿನ ಹನಿ ಇದ್ದರೆ ಎಂಜಿನ್ ಆಯಿಲ್. ಕೆಂಪಗಿದ್ದರೆ ಹೆಚ್ಚಾಗಿ ಗೇರ್‌ಬಾಕ್ಸ್ ಅಥವಾ ಪವರ್ ಸ್ಟೀರಿಂಗ್‌ನದು. ಹಸಿರು ಅಥವಾ ಗುಲಾಬಿ ಬಣ್ಣದ ನೀರಿನಂತಿದ್ದರೆ ಕೂಲೆಂಟ್. ಬರೀ ನೀರಿದ್ದರೆ ಎಸಿಯದು, ನಿಶ್ಚಿಂತೆಯಿಂದ ಹೋಗಿ ಕಾಫಿ ಕುಡಿಯಿರಿ.

ಇತ್ತೀಚೆಗೆ ಸರ್ವಿಸ್ ಆಗಿದ್ದರೆ ಮೊದಲ ಅನುಮಾನ ಆಯಿಲ್ ಬಸಿಯುವ ಡ್ರೈನ್ ಬೋಲ್ಟಿನ ವಾಷರ್ ಮತ್ತು ಫಿಲ್ಟರ್ ಮೇಲೆ. ಒಮ್ಮೊಮ್ಮೆ ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಆಗಿ, ಒತ್ತಡ ಬಂದಾಗ ಆಯಿಲ್ ಧಾರೆಯಾಗಿ ಹೊರಬರುತ್ತದೆ. ಇದನ್ನು ಕಂಡರೆ ಓಡಿಸಬೇಡಿ.

ಓಡಿಸಿ ನಿಲ್ಲಿಸಿದಾಗ ಸುಟ್ಟ ಎಣ್ಣೆಯ ವಾಸನೆ ಬಂದರೆ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್ ಸೋರಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತಿರಬಹುದು. ಪ್ಯಾಕಿಂಗ್ ಬದಲಿಸುವುದು ಹೆಚ್ಚಿನ ಕಾರುಗಳಲ್ಲಿ ಸಣ್ಣ ಕೆಲಸ. ಆದರೆ ಬೆಂಕಿಯ ಅಪಾಯ ಇರುವುದರಿಂದ ಮುಂದೂಡಬೇಡಿ. ಬಾನೆಟ್‌ನಿಂದ ಹೊಗೆಯೇ ಬಂದರೆ ಎಲ್ಲರೂ ಇಳಿದು ದೂರ ಹೋಗಿ.

ಹೊರಗೆಲ್ಲೂ ಸೋರಿಕೆ ಇಲ್ಲವೆಂದರೆ ಉರಿಯುತ್ತಿದೆ. ಸ್ವಲ್ಪ ಉರಿಯುವುದು ಸಹಜ. ಕೆಲವು ಯುರೋಪಿಯನ್ ಕಾರುಗಳ ಮ್ಯಾನುವಲ್‌ನಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ ಒಪ್ಪಿಗೆ ಎಂದೇ ಬರೆದಿದೆ. ನಿಮ್ಮ ಕಾರು ಮೊದಲು ಕುಡಿಯದೇ ಇದ್ದದ್ದು ಈಗ ಕುಡಿಯಲು ಶುರುಮಾಡಿದೆಯಾ ಎಂಬುದನ್ನು ಗಮನಿಸಿ. ಕಮ್ಮಿಯಾದ ಆಯಿಲ್ ತುಂಬುವಾಗ ಒಂದು ಸಲಕ್ಕೆ 200 ಮಿ.ಲೀ. ಹಾಕಿ, ಕಾದು, ನೋಡಿ, ಮತ್ತೆ ಹಾಕಿ.

ಸೈಲೆನ್ಸರ್‌ನಿಂದ ನೀಲಿ ಹೊಗೆ

ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಅಂದರೆ ಇಂಧನ ಜಾಸ್ತಿ. ದಟ್ಟ ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಮೇಲೆ ಅನುಮಾನ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಕಾಣುವ ಬಿಳಿ ಹಬೆ ಏನೂ ಅಲ್ಲ.

ನೀಲಿ ಹೊಗೆ ಯಾವಾಗ ಬರುತ್ತದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಬಂದರೂ ಅದೇ ಕಡೆ ಬೊಟ್ಟು. ಏರಿನಲ್ಲಿ ಎಳೆಯುವಾಗ ಸತತವಾಗಿ ಬಂದರೆ ಪಿಸ್ಟನ್ ರಿಂಗ್, ಅಥವಾ ಟರ್ಬೊ ಇದ್ದರೆ ಅದರ ಸೀಲ್.

ದೊಡ್ಡ ಕೆಲಸಕ್ಕೆ ಒಪ್ಪುವ ಮುಂಚೆ ಪಿಸಿವಿ ವಾಲ್ವ್ ನೋಡಿಸಿ. ಎಂಜಿನ್ನಿನ ಕೆಳಭಾಗದಲ್ಲಿ ಸೇರುವ ಅನಿಲವನ್ನು ಇನ್‌ಟೇಕ್‌ಗೆ, ಅಂದರೆ ಎಂಜಿನ್ ಗಾಳಿ ಎಳೆಯುವ ದಾರಿಗೆ ಕಳಿಸುವ ಪುಟ್ಟ ಭಾಗ ಅದು. ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ ಇನ್‌ಟೇಕ್ ಕಡೆ ನುಗ್ಗುತ್ತದೆ. ಆಮೇಲೆ ಸಿಲಿಂಡರ್ ಒತ್ತಡ ಹಿಡಿಯುತ್ತದೆಯಾ ಎಂದು ಅಳೆಯುವ ಕಂಪ್ರೆಷನ್ ಪರೀಕ್ಷೆ, ಲೀಕ್‌ಡೌನ್ ಪರೀಕ್ಷೆ. ಅಂಕಿ ನೋಡದೆ 'ಬೋರ್ ಕೆಲಸ (ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸುವುದು) ಮಾಡಬೇಕು' ಅನ್ನುವವರಿಂದ ಎದ್ದು ಬನ್ನಿ. ಹಾಗೆಂದು ವರ್ಷಗಟ್ಟಲೆ ಹೊಗೆ ಬಿಡುತ್ತ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಮಟ್ಟ ಏರಿದೆ

ಕಮ್ಮಿಯಾಗುವ ಆಯಿಲ್ ಜಾಸ್ತಿ ಹೇಗಾಯಿತು? ಸರ್ವಿಸ್‌ನಲ್ಲೇ ಜಾಸ್ತಿ ಸುರಿದಿರಬಹುದು. ಆಗ ಹೆಚ್ಚಾದದ್ದನ್ನು ತೆಗೆಸಿ. ಅತಿಯಾದರೆ ಕೆಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ.

ಬಿಎಸ್6 ಡೀಸೆಲ್ ಕಾರಾದರೆ ಕಾರಣ ಬೇರೆ. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್6 ಎಂಬ ಹೊಗೆ ನಿಯಮ ಬಂತು. ಅದರ ಜೊತೆ ಡೀಸೆಲ್ ಕಾರುಗಳಿಗೆ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಬಂತು. ತುಂಬಿದ ಮಸಿಯನ್ನು ಸುಡಲು ಎಷ್ಟೋ ಎಂಜಿನ್‌ಗಳು ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತವೆ. ಫಿಲ್ಟರ್ ಸುಮಾರು 600 ಡಿಗ್ರಿ ಸೆಲ್ಸಿಯಸ್ ತನಕ ಕಾಯಬೇಕು. ನೀವು ಮನೆ ತಲುಪಿ ನಡುವೆಯೇ ಆಫ್ ಮಾಡಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ಸಲ ಮೊದಲಿನಿಂದ ಶುರು. ಪ್ರತಿ ಸಲ ಒಂದಿಷ್ಟು ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಮಟ್ಟ ಏರುತ್ತದೆ, ಆಯಿಲ್ ತೆಳುವಾಗುತ್ತದೆ.

ಕಡ್ಡಿ ಮೂಸಿ ನೋಡಿ. ಡೀಸೆಲ್ ಅಥವಾ ಪೆಟ್ರೋಲ್ ವಾಸನೆ ಹೊಡೆದು ಮಟ್ಟ ಮೇಲಿನ ಗುರುತು ದಾಟಿದ್ದರೆ ಬದಲಿಸಲೇಬೇಕು, ಕಿ.ಮೀ. ಎಷ್ಟೇ ಆಗಿರಲಿ. ಡೀಸೆಲ್ ಎಂಜಿನ್ನಿನಲ್ಲಿ ಮಟ್ಟ ತೀರಾ ಏರಿದರೆ ಅದು ತನ್ನ ಆಯಿಲ್ಲನ್ನೇ ಇಂಧನ ಮಾಡಿಕೊಂಡು, ಕೀ ಆಫ್ ಮಾಡಿದರೂ ನಿಲ್ಲದೆ ಓಡುವ ಅಪಾಯವೂ ಇದೆ. ಊರೊಳಗೇ ಓಡಿಸುವವರು ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗಿ ಬನ್ನಿ. ಡಿಪಿಎಫ್ ಇರುವ ಕಾರಿಗೆ ಕಮ್ಮಿ ಬೂದಿಯ ಆಯಿಲ್ಲೇ ಬೇಕು. ಮ್ಯಾನುವಲ್‌ನಲ್ಲಿ ಎಸಿಇಎ (ಯುರೋಪಿನ ಆಯಿಲ್ ಮಾನದಂಡ) ಸಿ2, ಸಿ3 ಎಂಬಂಥ ಗುರುತು ಇರುತ್ತದೆ, ಡಬ್ಬಿಯ ಮೇಲೂ ಅದೇ ಇರಬೇಕು.

ಮುಚ್ಚಳದಡಿ ಹಾಲು ಹಾಕಿದ ಕಾಫಿ ಬಣ್ಣ

ಆಯಿಲ್‌ಗೆ ನೀರು ಸೇರಿದರೆ ಹೀಗಾಗುತ್ತದೆ. ನೀರು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ.

ಮಳೆಗಾಲದಲ್ಲಿ ಮಡಿಕೇರಿ, ಆಗುಂಬೆ ಕಡೆ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಓಡಾಡುವ ಕಾರಿನ ಮುಚ್ಚಳದಡಿ ತೆಳು ಕೆನೆ ಕಂಡರೆ ಅದು ಹೆಚ್ಚಾಗಿ ತೇವ ಮಾತ್ರ. ಒರೆಸಿ, ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ಓಡಿಸಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಕಡ್ಡಿಯಲ್ಲಿರುವ ಆಯಿಲ್ ಶುದ್ಧವಾಗಿದ್ದು ಕೂಲೆಂಟ್ ಇಳಿಯದಿದ್ದರೆ ಚಿಂತೆ ಬೇಡ.

ಕಡ್ಡಿಯಲ್ಲೂ ಕೆನೆ, ಕೂಲೆಂಟ್ ಕಮ್ಮಿ, ಬಿಸಿಯ ಮುಳ್ಳು ಏರುತ್ತಿದೆ, ಸಿಹಿ ವಾಸನೆಯ ಬಿಳಿ ಹೊಗೆ. ಇವುಗಳಲ್ಲಿ ಎರಡು ಸೇರಿದರೂ ಓಡಿಸುವುದು ನಿಲ್ಲಿಸಿ. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಹೋಗಿರಬಹುದು. ಬರೀ ಆಯಿಲ್ ಬದಲಿಸಿದರೆ ಹೊಸ ಆಯಿಲ್ಲೂ ಹಾಳು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಸರ್ಜಾಪುರ ಕಡೆಯ ಬೇಸ್‌ಮೆಂಟ್‌ಗಳಲ್ಲಿ ಮುಳುಗಿದಂತೆ ಕಾರು ನೆರೆಯಲ್ಲಿ ಮುಳುಗಿದ್ದರೆ, ನೀರು ಇಳಿದ ಮೇಲೆ 'ಸ್ಟಾರ್ಟ್ ಆಗುತ್ತದಾ ನೋಡೋಣ' ಅನ್ನಲೇಬೇಡಿ. ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿ ಆದ ಹಾನಿಗೆ ವಿಮೆ ಸಿಗುವುದೂ ಕಷ್ಟ.

ಬೆಳಿಗ್ಗೆ ಟಿಕ್ ಟಿಕ್, ಕಟಕಟ

ಸ್ಟಾರ್ಟ್ ಆದ ಒಂದೆರಡು ಸೆಕೆಂಡು ಸದ್ದು ಬಂದು ನಿಂತರೆ ಫಿಲ್ಟರ್ ನೋಡಿ. ಒಳ್ಳೆಯ ಫಿಲ್ಟರ್‌ನಲ್ಲಿ ಆಯಿಲ್ ಕೆಳಗಿಳಿಯದಂತೆ ತಡೆಯುವ ವಾಲ್ವ್ ಇರುತ್ತದೆ. ಕಳಪೆಯದರಲ್ಲಿ ಅದು ಬೇಗ ಸೋಲುತ್ತದೆ. ಸದ್ದು ಬಿಸಿಯಾದ ಮೇಲೂ ಉಳಿದರೆ ಮಟ್ಟ, ಗ್ರೇಡ್ (ಆಯಿಲ್ ಎಷ್ಟು ದಪ್ಪ ಎಂಬ ಅಂಕಿ), ಆಮೇಲೆ ವಾಲ್ವ್ ಒತ್ತುವ ಟ್ಯಾಪೆಟ್ ನೋಡಿಸಿ. ಆಕ್ಸಿಲರೇಟರ್ ಒತ್ತಿದಂತೆ ಜೋರಾಗುವ ಭಾರವಾದ ಧಡ್ ಧಡ್ ಸದ್ದು ಬೇರಿಂಗ್‌ನದು. ಆಫ್ ಮಾಡಿ, ಎಳೆಸಿಕೊಂಡು ಹೋಗಿ.

'ಹಳೇ ಗಾಡಿ, ದಪ್ಪ ಆಯಿಲ್ ಹಾಕಿದರೆ ಸದ್ದು ಹೋಗುತ್ತದೆ' ಎಂಬ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ತೆಳು 0ಡಬ್ಲ್ಯು-20 ಬೇಡುವ ಎಂಜಿನ್ನಿಗೆ ದಪ್ಪ 20ಡಬ್ಲ್ಯು-50 ಹಾಕಿದರೆ ಸದ್ದು ಕಮ್ಮಿಯಾಗಬಹುದು, ಆದರೆ ಸಣ್ಣ ದಾರಿಗಳಿಗೆ, ವಾಲ್ವ್ ಟೈಮಿಂಗ್ ಭಾಗಗಳಿಗೆ ಆಯಿಲ್ ತಡವಾಗಿ ತಲುಪುತ್ತದೆ. ಮ್ಯಾನುವಲ್‌ನಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅವುಗಳಲ್ಲಿ ದಪ್ಪದ್ದನ್ನು ಆರಿಸಿ, ಅದರಾಚೆ ಹೋಗಬೇಡಿ. ದ್ರಾವಣ ಹಾಕಿ ಒಳಗೆ ತೊಳೆಯುವ ಎಂಜಿನ್ ಫ್ಲಶ್ ಎಂಬ ಹೆಚ್ಚುವರಿ ಬಿಲ್ಲೂ ಬೇಡ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತ ಬಂದ ಎಂಜಿನ್ನಿಗೆ ಅದರ ಅಗತ್ಯವಿಲ್ಲ. ಕೆಸರು ಕಟ್ಟಿದ ಎಂಜಿನ್ನಿನಲ್ಲಿ ಎದ್ದ ಕೆಸರು ಪಂಪಿನ ಜರಡಿಯನ್ನೇ ಮುಚ್ಚಬಹುದು.

ಮನೆಯಲ್ಲೇ ಬದಲಿಸುವುದಾದರೆ

ವಾರಂಟಿ ಇರುವ ತನಕ ಬಿಲ್ ಇರುವ ಕಡೆಯೇ ಮಾಡಿಸಿ. ಆಮೇಲೆ ಕೈ ಹಾಕುವುದಾದರೆ ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತೂರಬೇಡಿ. ಗಟ್ಟಿ ನೆಲ, ಎರಡು ಸ್ಟ್ಯಾಂಡ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು ಎಲ್ಲ ಇರಲಿ. ಎಂಜಿನ್ ಉಗುರು ಬೆಚ್ಚಗಿದ್ದರೆ ಸಾಕು, ಸುಡುವ ಆಯಿಲ್ ಬಸಿಯಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಡ್ರೈನ್ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಹೊಸ ವಾಷರ್ ಹಾಕಿ. ಅಲ್ಯೂಮಿನಿಯಂ ಸಂಪಿನ ಥ್ರೆಡ್ ಹೋದರೆ ಉಳಿಸಿದ ದುಡ್ಡೆಲ್ಲ ಅಲ್ಲೇ. ಫಿಲ್ಟರ್ ಪ್ರತಿ ಸಲವೂ ಹೊಸದೇ ಹಾಕಿ. ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಮ್ಮಿ ಸುರಿದು, ಒಂದು ನಿಮಿಷ ಓಡಿಸಿ, ಸೋರಿಕೆ ನೋಡಿ, ಆಫ್ ಮಾಡಿ ಕಾದು, ಉಳಿದದ್ದು ಕಡ್ಡಿ ನೋಡಿ ಹಾಕಿ. ಖಾಲಿ ಡಬ್ಬಿಯನ್ನು ತೂತು ಮಾಡಿ ಎಸೆಯಿರಿ, ಇಲ್ಲವಾದರೆ ಅದರಲ್ಲೇ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ.

ಹಳೇ ಆಯಿಲ್ಲನ್ನು ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲಿ ಎಂದು ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಬೇಡ. ಅದರಲ್ಲಿ ಲೋಹದ ಅಂಶ, ಚರ್ಮಕ್ಕೆ ಕೆಟ್ಟದ್ದು ಮಾಡುವ ವಸ್ತುಗಳು ಇರುತ್ತವೆ, ಮಳೆ ಬಂದರೆ ಬಾವಿ ಸೇರುತ್ತವೆ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಕೈಗೆ ಗ್ಲೌಸ್ ಹಾಕಿ ಡಬ್ಬಿಗೆ ತುಂಬಿ, ಮರುಬಳಕೆಯವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಿ. ನೀರು, ಕೂಲೆಂಟ್ ಬೆರೆಸಬೇಡಿ. ಫಿಲ್ಟರ್‌ನೊಳಗೂ ಆಯಿಲ್ ಉಳಿದಿರುತ್ತದೆ. ಒಂದು ರಾತ್ರಿ ಬೋರಲು ಹಾಕಿ ಬಸಿದು, ಅದನ್ನೂ ಜೊತೆಗೇ ಕೊಡಿ.